ಕಮಳಾಬಾಯಿಯ ಒಳಹೊಲಿಗೆ

ಜುಲೈ ಹನ್ನೆರಡನೆಯ ತಾರೀಖು, ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಬಸವಕಲ್ಯಾಣದ ಠಾಣೆಯ ಎದುರು ಒಂದು ಖಾಸಗಿ ಅಂಬುಲೆನ್ಸ್ ಬಂದು ನಿಂತಿತು. ಸೈರನ್ ಇರಲಿಲ್ಲ. ಹಿಂದಿನ ಬಾಗಿಲು ತೆರೆದು ಮೂವತ್ತು ದಾಟಿದ ಹೆಂಗಸೊಬ್ಬಳು ಇಳಿದಳು. ಚಾಲಕನ ಪಕ್ಕ ಕುಳಿತಿದ್ದ ಯುವಕ ಇಳಿಯಲಿಲ್ಲ.

ಇನ್‌ಸ್ಪೆಕ್ಟರ್ ಧಮ್ಮಪಾಲ ಎರಡು ದಿನದ ಬಂದೋಬಸ್ತು ಮುಗಿಸಿ ಬಂದು ಆಗತಾನೇ ಬೂಟು ಬಿಚ್ಚಿದ್ದ. ಹೆಂಗಸು ಕಾವಲು ಪೇದೆಯನ್ನು ದಾಟಿ ನೇರ ಅವನ ಮೇಜಿನ ಎದುರು ಬಂದು ನಿಂತಳು.

"ನಮ್ಮವ್ವ ತೀರ್ಕೊಂಡಾಳ್ರಿ. ಗಾಡ್ಯಾಗ ಅದಾಳ" ಎಂದಳು. "ಕೊಂದಾಂವ ಮುಂದಿನ ಸೀಟಿನ್ಯಾಗ ಕುಂತಾನ. ನನ್ನ ತಮ್ಮ."

ಧಮ್ಮಪಾಲ ಬಿಚ್ಚಿದ ಬೂಟನ್ನು ಮತ್ತೆ ಹಾಕಿಕೊಂಡ.

ಅವಳ ಹೆಸರು ರತ್ನಮಾಲಾ. ಹುಮನಾಬಾದಿಗೆ ಕೊಟ್ಟ ಹೆಣ್ಣುಮಗಳು. ಹೆಡ್ ಕಾನ್‌ಸ್ಟೇಬಲ್ ಗುರುಶಾಂತ ಅವಳ ಹೇಳಿಕೆ ಬರೆದುಕೊಂಡ. ತಾಯಿ ಕಮಳಾಬಾಯಿ, ಗಂಡ ನರಸಿಂಗ, ವಯಸ್ಸು ಐವತ್ತೆಂಟು, ಮೂಲತಃ ಘಾಟಬೋರಾಳದವಳು. ಗಂಡ ಸತ್ತ ಮೇಲೆ ಬಸವಕಲ್ಯಾಣದಲ್ಲಿ ಮಗ ಸ್ವಪ್ನಿಲನ ಹತ್ತಿರ ಇದ್ದಳು. ಸ್ವಪ್ನಿಲ ಲಾರಿಗಳಿಗೆ ಬಾಡಿ ಕಟ್ಟುವ ಗ್ಯಾರೇಜಿನಲ್ಲಿ ವೆಲ್ಡರ್. ಜುಲೈ ಮೂರರಂದು ಹುಮನಾಬಾದಿನಲ್ಲಿ ಡಾ. ವಿಶ್ವಂಭರ ಅವರ ನರ್ಸಿಂಗ್ ಹೋಮಿನಲ್ಲಿ ಕಮಳಾಬಾಯಿಯ ಪಿತ್ತಕೋಶದ ಹರಳಿಗೆ ದುರ್ಬೀನ್ ಆಪರೇಶನ್ ಆಗಿತ್ತು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ ಮೂರು ನಾಲ್ಕು ಸಣ್ಣ ರಂಧ್ರ ಮಾಡಿ, ಒಂದರಲ್ಲಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಶನ್ನಿಗೆ ಆ ಕಡೆಯ ಜನ ಇಟ್ಟುಕೊಂಡ ಹೆಸರು ಅದು. ಮೂರನೆಯ ದಿನಕ್ಕೆ ಆಕೆ ತಾನೇ ನಡೆದು ಬಸ್ಸು ಹತ್ತಿ ಮನೆಗೆ ಬಂದಿದ್ದಳು.

"ನಿನ್ನಿ ಸಂಜಿಕ ಇಂವ ಅವ್ವನ್ನ ದಬ್ಯಾನ್ರಿ. ಮಂಚಕ್ಕ ಹೋಗಿ ಬಿದ್ದಾಳ. ಮುಂಜಾನಿ ನಂಗ ಫೋನ್ ಮಾಡಿದ್ಲು, ದನಿ ಬರ್ತಿದ್ದಿಲ್ಲ. ನಾ ಬಂದು ಹುಮನಾಬಾದಿಗೆ ಕರ್ಕೊಂಡ್ ಹೋದೆ. ಇಂವನೂ ಸಂಗಾಟ ಬಂದ. ಡಾಕ್ಟರ್ ಸಾಹೇಬ್ರು ನೋಡಿ, ಪೆಟ್ಟು ಬಿದ್ದು ಹೊಲಿಗಿ ಬಿಚ್ಚ್ಯಾವ, ಬೀದರಿಗೆ ಒಯ್ರಿ ಅಂದ್ರು. ಹಳ್ಳಿಖೇಡ ದಾಟೂದರಾಗ ಉಸಿರು ನಿಂತ್ತು."

ಅವಳ ಕೈಯಲ್ಲಿ ವೈದ್ಯರು ಕೊಟ್ಟ ಚೀಟಿ ಇತ್ತು. 'ಹೊಟ್ಟೆಗೆ ಬಿದ್ದ ಪೆಟ್ಟಿನಿಂದ ಶಸ್ತ್ರಚಿಕಿತ್ಸೆಯ ಹೊಲಿಗೆ ಬಿಚ್ಚಿ ಕರುಳಿಗೆ ಹಾನಿಯಾಗಿದೆ' ಎಂದು ಅದರಲ್ಲಿ ಟೈಪ್ ಮಾಡಿತ್ತು.

ಭಾರತೀಯ ನ್ಯಾಯ ಸಂಹಿತೆಯ ಕಲಂ 105ರ ಅಡಿ, ಕೊಲೆಯಲ್ಲದ ಮಾನವ ಹತ್ಯೆ ಎಂದು ಎಫ್‌ಐಆರ್ ದಾಖಲಾಯಿತು. ಮಹಿಳಾ ಕಾನ್‌ಸ್ಟೇಬಲ್ ನೂರೀನ್ ಶವದ ಜೊತೆ ತಾಲೂಕು ಆಸ್ಪತ್ರೆಗೆ ಹೋದಳು. ಗುರುಶಾಂತ ಯುವಕನನ್ನು ಗಾಡಿಯಿಂದ ಇಳಿಸಿ ಒಳಗೆ ಕರೆತಂದ. ಅವನ ಅಂಗಿಯ ತೋಳಿನಲ್ಲಿ ವೆಲ್ಡಿಂಗ್ ಕಿಡಿ ಬಿದ್ದ ತೂತುಗಳಿದ್ದವು.

"ಹೆಸರು?"

"ಸ್ವಪ್ನಿಲ."

"ಅವ್ವಗ ಹೊಡದಿ?"

"ಹೊಡದಿಲ್ರಿ. ದಬ್ಬಿದೆ."

"ಯಾಕ?"

"ಕೈ ಹಿಡಕೊಂಡಿದ್ಳ್ರಿ, ಇವತ್ತ ಕೆಲಸಕ್ಕ ಹೋಗಬ್ಯಾಡ ಅಂತ. ಮುಂಜಾನಿ ಗಾಡಿ ಕೊಡೂದಿತ್ತು, ಮಾಲಕ ಮ್ಯಾಲಿಂದ ಮ್ಯಾಲ ಫೋನ್ ಮಾಡಾಕತ್ತಿದ್ದ. ಕೈ ಕೊಸರಿ ದಬ್ಬಿದೆ. ಮಂಚದ ಅಂಚಿಗೆ ಬಿದ್ಳು."

"ಹೊಟ್ಟಿಗೆ ಬಡೀತೇನು?"

"ಗೊತ್ತಿಲ್ರಿ. ನಾ ಹೊಳ್ಳಿ ನೋಡ್ಲಿಲ್ಲ." ಅವನೇ ಮುಂದುವರಿಸಿದ. "ನಾನಽ ಕೊಂದೀನ್ರಿ. ಬರ್ಕೊಳ್ರಿ."

ದೂರು ಇತ್ತು, ವೈದ್ಯರ ಚೀಟಿ ಇತ್ತು, ಆರೋಪಿ ಎದುರಿಗೆ ಕುಳಿತು ಒಪ್ಪಿಕೊಳ್ಳುತ್ತಿದ್ದ. ಇಂಥ ಪ್ರಕರಣಗಳು ರಾತ್ರಿಯ ಊಟದೊಳಗೆ ಮುಗಿಯುತ್ತವೆ ಎಂಬುದು ಧಮ್ಮಪಾಲನಿಗೆ ಗೊತ್ತಿತ್ತು. ಶವ ಪಂಚನಾಮೆ ಮುಗಿಸಿ ಮನೆಗೆ ಹೋಗಿ ಮಲಗಬಹುದು ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಅವನಿಗೆ ನಾಚಿಕೆಯೇನೂ ಆಗಲಿಲ್ಲ. ಅಷ್ಟು ದಣಿದಿದ್ದ.

ಐದು ಗಂಟೆಗೆ ಆಸ್ಪತ್ರೆಯ ಶವಾಗಾರದಿಂದ ಡಾ. ಖುಷ್ನುಮಾ ಹೊರಗೆ ಬಂದರು. ತಾಲೂಕು ಆಸ್ಪತ್ರೆಗೆ ಬಂದು ವರ್ಷವೂ ಆಗದ ವೈದ್ಯೆ. ಮಾಸ್ಕು ಇಳಿಸಿ ಧಮ್ಮಪಾಲನನ್ನು ಕರೆದರು.

"ಒಳಗ ಬರ್ತೀರೇನ್ರಿ ಸಾಹೇಬ್ರ? ಬರೆದು ಕೊಡೂಕಿಂತ ಮೊದಲ ಕಣ್ಣಿಲೆ ನೋಡಿದ್ರ ಚಲೋ."

ಒಳಗೆ ಫಿನಾಯಿಲ್ ವಾಸನೆ ಗಾಢವಾಗಿತ್ತು. ಕಮಳಾಬಾಯಿ ದಪ್ಪ ಮೈಯ ಹೆಂಗಸು. ಹೊಕ್ಕಳ ಕೆಳಗೆ ಒಂದು ಸಣ್ಣ ಗಾಯ, ಅದರ ಮೇಲೆ ಒತ್ತೊತ್ತಾಗಿ ಹಾಕಿದ ಮೂರು ಹೊಲಿಗೆ. ನೀಟಾಗಿದ್ದವು. ಬಿಚ್ಚಿರಲಿಲ್ಲ.

"ಇದು ಮ್ಯಾಲಿನ ಚರ್ಮದ್ದು" ಎಂದರು ಖುಷ್ನುಮಾ. "ಇದರ ಕೆಳಗ ಕೊಬ್ಬು, ಅದರ ಕೆಳಗ ಹೊಟ್ಟಿ ಹಿಡಿದು ನಿಲ್ಲಿಸೋ ಗಟ್ಟಿ ಪೊರೆ ಒಂದದ. ದುರ್ಬೀನ್ ಆಪರೇಶನ್ನಿನ್ಯಾಗ ಉಳಿದ ರಂಧ್ರಗಳು ಪೆನ್ಸಿಲ್ಲಿನಷ್ಟು ಸಣ್ಣವು, ತಾವಽ ಕೂಡ್ತಾವ. ಹೊಕ್ಕಳದ್ದು ಬೆರಳು ಹೋಗೂವಷ್ಟು ಇರ್ತದ. ಪಿತ್ತಕೋಶ ಹೊರಗ ತೆಗಿಯೂದು ಅಲ್ಲಿಂದಽ. ಅದನ್ನ ಒಳಗಿನ ಪೊರೆಗೇ ಸೂಜಿ ಹಾಕಿ ಮುಚ್ಚಬೇಕು. ಕೊಕ್ಕೆ ಇರೋ ಬ್ಯಾರೆ ಸೂಜಿ ಬರ್ತದ. ಸೂಜಿ ಎಲ್ಲಿ ಹೊಂಟದ ಅಂತ ಒಳಗಿಂದ ಕ್ಯಾಮೆರಾದಾಗ ನೋಡಕೋತ ಹೊಲೀತಾರ."

"ಆ ಹೊಲಿಗಿ ಬಿಚ್ಚ್ಯದ ಅಂತಾರಲ್ರಿ ಡಾಕ್ಟರು."

ಖುಷ್ನುಮಾ ಇಕ್ಕಳದಿಂದ ಪೊರೆಯ ಅಂಚನ್ನು ಎತ್ತಿ ತೋರಿಸಿದರು. ಅದರ ನಡುವಿನ ರಂಧ್ರದಲ್ಲಿ ಕರುಳಿನ ಒಂದು ಮಡಿಕೆ ಸಿಕ್ಕಿಕೊಂಡಿತ್ತು. ಕಪ್ಪಗಾಗಿತ್ತು.

"ಹೊಲಿಗಿ ಬಿಚ್ಚಿದ್ರ ದಾರ ಇರಬೇಕು. ದಾರ ಕರಗಿದ್ರೂ ಸೂಜಿ ಹೋದ ಗುರುತು ಇರಬೇಕು. ಇಲ್ಲಾಂದ್ರ ಅಂಚು ಹರಿದಿರಬೇಕು. ಇಲ್ಲಿ ಮೂರೂ ಇಲ್ಲ. ಈ ಪೊರೆಗೆ ಯಾರೂ ಸೂಜಿನೇ ಹಾಕಿಲ್ರಿ."

"ದಬ್ಬಿದ್ದರಿಂದ ಆಗಿರಬಹುದಲ್ಲ?"

"ಮುಚ್ಚದ ಬಿಟ್ಟ ರಂಧ್ರದಾಗ ಕರುಳು ಬರೂದಕ್ಕ ಕೆಮ್ಮಿದ್ರೂ ಸಾಕು. ಆದ್ರ ಈ ಕರುಳು ನಿನ್ನಿ ಸಂಜಿಕ ಸಿಕ್ಕಿದ್ದಲ್ಲ. ಇಷ್ಟು ಕೊಳೀಬೇಕಂದ್ರ ಅದಕ್ಕೂ ಎರಡು ದಿನ ಮೊದಲ ಸಿಕ್ಕಿರಬೇಕು. ಬಿದ್ದ ಪೆಟ್ಟು ಸೊಂಟದ ಬದಿಗೆ ಅದ, ಚರ್ಮ ಕಂದ್ಯದ ಅಷ್ಟಽ. ಹೊಟ್ಟಿ ಮ್ಯಾಲ ಏನೂ ಇಲ್ಲ."

ಧಮ್ಮಪಾಲ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತ. ನಿದ್ದೆ ಇನ್ನೂ ದೂರ ಇದೆ ಎಂಬುದು ಮಾತ್ರ ಅವನಿಗೆ ಸ್ಪಷ್ಟವಾಯಿತು.

ಮೊದಲು ಸ್ವಪ್ನಿಲನ ಮನೆಯ ಸ್ಥಳ ಪಂಚನಾಮೆ ಆಯಿತು. ತಗಡಿನ ಮಾಡಿನ ಎರಡು ಕೋಣೆ. ಮಂಚದ ಕೆಳಗೆ ಪ್ಲಾಸ್ಟಿಕ್ ಬಕೆಟ್, ಅದರಲ್ಲಿ ಹಸಿರು ಬಣ್ಣದ ವಾಂತಿ ಒಣಗಿತ್ತು. ನೂರೀನ್ ಪಕ್ಕದ ಮನೆಯ ಹೆಂಗಸನ್ನು ಕೇಳಿದಳು.

"ವಾಂತಿ ಯಾವಾಗಿಂದ?"

"ಒಂಬತ್ತನೇ ತಾರೀಖು ಮುಂಜಾನಿಂದ ಬಾಯಿ. ಅವತ್ತ ನಾ ಗಂಜಿ ಕೊಟ್ಟಿದ್ದೆ, ನಿಂದರ್ಲಿಲ್ಲ. ಹೊಕ್ಕಳ ಕೆಳಗ ನಿಂಬಿಹಣ್ಣಿನಷ್ಟು ಗಂಟು ಬಂದದ ನೋಡು ಅಂತ ನನ್ನ ಕೈ ಹಿಡಿದು ಮುಟ್ಟಿಸಿದ್ಲು."

ಮಗ ದಬ್ಬಿದ್ದು ಹನ್ನೊಂದರ ಸಂಜೆ.

ಠಾಣೆಗೆ ಹಿಂದಿರುಗಿ ಧಮ್ಮಪಾಲ ಸ್ವಪ್ನಿಲನನ್ನು ಮತ್ತೆ ಕೇಳಿದ. "ಅವ್ವ ಮೊದಲಽ ವಾಂತಿ ಮಾಡಾಕತ್ತಿದ್ಲು. ಯಾಕ ಹೇಳ್ಲಿಲ್ಲ?"

"ನಾಟಕ ಅಂದ್ಕೊಂಡಿದ್ದೆ ಸಾಹೇಬ್ರ. ನಾ ಪುಣೇಕ ಕೆಲಸಕ್ಕ ಹೋಗ್ತೀನಿ ಅಂದಾಗಿಂದ ಆಕಿಗೆ ದಿನಾ ಒಂದೊಂದು ಬ್ಯಾನಿ. ಇದೂ ಅದಽ ಅಂದ್ಕೊಂಡೆ."

ಧಮ್ಮಪಾಲ ಶವಾಗಾರದಲ್ಲಿ ಕಂಡದ್ದನ್ನು ಅವನಿಗೆ ಹೇಳಿದ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. "ದಬ್ಬಿದ್ದು ಖರೇ ಅದಲ್ರಿ" ಎಂದ.

ಬಂಧನ ತೋರಿಸಲಿಲ್ಲ. ನೋಟಿಸು ಕೊಟ್ಟು, ಮರುದಿನ ಮುಂಜಾನೆ ಘಾಟಬೋರಾಳದಲ್ಲಿ ತಾಯಿಯ ಮಣ್ಣು ಇದ್ದುದರಿಂದ ಗುರುಶಾಂತನನ್ನು ಜೊತೆ ಮಾಡಿ ಕಳಿಸಿದ. ಮಧ್ಯಾಹ್ನ ಗುರುಶಾಂತ ಒಬ್ಬನೇ ಬಂದ.

"ಅಕ್ಕ ಹುಡುಗನ್ನ ಒಳಗ ಬರಗೊಡ್ಲಿಲ್ರಿ. ಊರ ಅಗಸಿ ಬಾಗಲ ಹತ್ರಽ ನಿಂದರಿಸಿದ್ರು. ಪೋಸ್ಟ್‌ಮಾರ್ಟಮ್ ಮಾತು ಹೇಳ್ದೆ. ದೊಡ್ಡ ಡಾಕ್ಟರು ಬರೆದು ಕೊಟ್ಟಾರ, ನಿಮ್ಮ ಮಾತ್ಯಾಕ ಕೇಳ್ಲಿ ಅಂದ್ಲು. ಹುಡುಗ ಹಳ್ಳದ ಈ ಕಡಿಂದ ನೋಡಿದ."

"ಈಗ ಎಲ್ಲಿ ಅದಾನ?"

"ಗ್ಯಾರೇಜಿಗೆ ಹೋದ್ನ್ರಿ. ಗಾಡಿ ಕೊಡೂದು ಉಳದದ ಅಂತ."

ಅಂದೇ ನಾಲ್ಕು ಗಂಟೆಗೆ ಧಮ್ಮಪಾಲ ಮತ್ತು ನೂರೀನ್, ಇಬ್ಬರು ಪಂಚರ ಜೊತೆ ಹುಮನಾಬಾದಿಗೆ ಹೋದರು. ನರ್ಸಿಂಗ್ ಹೋಮಿನ ಪಡಸಾಲೆಯ ತುಂಬ ರೋಗಿಗಳಿದ್ದರು. ಡಾ. ವಿಶ್ವಂಭರ ಅವರಿಗೆ ಐವತ್ತೇಳು ವರ್ಷ, ಬಿಳಿ ಕೂದಲು, ತಗ್ಗಿದ ದನಿ. ಸುತ್ತಲಿನ ಮೂರು ತಾಲೂಕಿಗೆ ದುರ್ಬೀನ್ ಆಪರೇಶನ್ ಮೊದಲು ತಂದವರು ಅವರೇ ಎಂದು ಎಲ್ಲರೂ ಹೇಳುತ್ತಿದ್ದರು. ಬಲಗೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಮಾತಾಡಿದರು.

"ಕಮಳಾಬಾಯಿಯ ಹೊಕ್ಕಳದ ರಂಧ್ರ ಯಾರು ಮುಚ್ಚಿದ್ರಿ?"

"ನಾನೇ."

"ಒಳಗಿನ ಪೊರೆನೂ?"

"ಅದಿಲ್ಲದೆ ಆಪರೇಶನ್ ಮುಗಿಯುವುದಿಲ್ಲ ಇನ್‌ಸ್ಪೆಕ್ಟರ್."

"ಪೆಟ್ಟಿನ ಗುರುತು ಎಲ್ಲಿ ನೋಡಿದ್ರಿ?"

"ಹೊಟ್ಟೆ ಮೇಲೆ. ಕೆಂಪಾಗಿತ್ತು."

"ಹೊಟ್ಟಿ ಮ್ಯಾಲ ಏನೂ ಇಲ್ರಿ. ಸೊಂಟಕ್ಕ ಅದ."

"ನನಗೆ ಹಾಗೆ ಕಂಡಿತ್ತು. ಪೋಸ್ಟ್‌ಮಾರ್ಟಮ್ ಮಾಡಿದವರು ಸರ್ಜನ್ನಾ?"

"ಅಲ್ರಿ."

"ಮತ್ತೆ?" ಎಂದರು. ಅಷ್ಟೇ.

ಆಪರೇಶನ್ ಕೋಣೆಯ ಪಂಚನಾಮೆಗೆ ಅವರು ಅಡ್ಡಿ ಮಾಡಲಿಲ್ಲ. ಉಪಕರಣಗಳನ್ನು ಒಂದೊಂದಾಗಿ ತೋರಿಸಿದವರು ಸಿಸ್ಟರ್ ಖುರ್ಷೀದ್ ಬೇಗಂ. ಇಪ್ಪತ್ತು ವರ್ಷದಿಂದ ಅಲ್ಲಿಯೇ ಇದ್ದವರು. ಕಪಾಟಿನ ಕೆಳಗಿನ ಅರೆಯಲ್ಲಿ ಹಸಿರು ಬಟ್ಟೆಯ ಒಂದು ಸಣ್ಣ ಗಂಟು ಇತ್ತು. ನೂರೀನ್ ಅದನ್ನು ಎತ್ತಿಕೊಂಡಳು.

"ಇದೇನ್ರಿ ಆಪಾ?"

"ರಂಧ್ರ ಮುಚ್ಚೋ ಸೂಜಿ."

"ಇಂಥವು ಎಷ್ಟು ಅವ?"

"ಒಂದಽ."

ಗಂಟಿನ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಅದನ್ನು ಹಬೆಯಲ್ಲಿ ಶುದ್ಧ ಮಾಡಿದ ತಾರೀಖು ಬರೆದಿತ್ತು. ಡಿಸೆಂಬರ್ ತಿಂಗಳದ್ದು. ಅಂದಿನಿಂದ ಗಂಟನ್ನು ಯಾರೂ ಬಿಚ್ಚಿರಲಿಲ್ಲ. ಖುರ್ಷೀದ್ ಬೇಗಂ ನೆಲ ನೋಡುತ್ತ ನಿಂತಿದ್ದರು. ಧಮ್ಮಪಾಲ ಅಲ್ಲಿ ಇನ್ನೇನೂ ಕೇಳಲಿಲ್ಲ. ಗಂಟಿಗೆ ಸೀಲು ಹಾಕಿ, ಪಂಚರ ಸಹಿ ತೆಗೆದುಕೊಂಡು ಹೊರಬಂದ.

ಸಂಜೆ ಧಮ್ಮಪಾಲ, ನೂರೀನ್ ಇಬ್ಬರೂ ಸಿಸ್ಟರ್ ಮನೆಗೇ ಹೋದರು. ಖುರ್ಷೀದ್ ಬೇಗಂ ಬಾಗಿಲು ತೆರೆದು, ಪೊಲೀಸರನ್ನು ನೋಡಿ, ಬರಬಾರದಾಗಿತ್ತು ಎಂದೂ ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ. ಒಳಗೆ ಹೋಗಿ ಕುರ್ಚಿ ತಂದಿಟ್ಟರು.

"ಡಾಕ್ಟರಿಗೆ ಏನಾಗ್ಯದ ಆಪಾ?" ಎಂದು ನೂರೀನ್ ಕೇಳಿದಳು.

ಮಸೀದಿಯ ಅಜಾನ್ ಮುಗಿಯುವ ತನಕ ಅವರು ಸೆರಗನ್ನು ತಲೆಯ ಮೇಲೆ ಹಿಡಿದು ಕುಳಿತಿದ್ದರು.

"ಕೈ ನಡುಗ್ತದ್ರಿ" ಎಂದರು ಕೊನೆಗೆ. "ಬಲಗೈ. ಎರಡು ವರ್ಷ ಆಯ್ತು. ಮೊದಲ ಕಡಿಮಿ ಇತ್ತು. ಒಳಗ ಸಲಾಕೆ ಹಿಡಿದು ಕೆಲಸ ಮಾಡುವಾಗ ಗೊತ್ತಽ ಆಗೂದಿಲ್ಲ, ಅದು ಹೊಟ್ಟಿಗೆ ಆತು ನಿಂತಿರ್ತದ. ಸೂಜಿ ಹಿಡಿದಾಗ ನಡುಗ್ತದ. ಡಾಕ್ಟರ್ ಫೈಜಲ ಅಂತ ಅಸಿಸ್ಟಂಟ್ ಇದ್ರು, ಅವರು ಮುಚ್ತಿದ್ರು. ಡಿಸೆಂಬರಿನ್ಯಾಗ ಅವರು ಮುಂದ ಓದಾಕ ಹೈದರಾಬಾದಿಗೆ ಹೋದ್ರು. ಬ್ಯಾರೆಯವರನ್ನ ಸಾಹೇಬ್ರು ತಗೊಳ್ಳಿಲ್ಲ."

"ಯಾಕ?"

"ಹೊಸಬರ ಕಣ್ಣಿಗೆ ಬೀಳ್ತದಲ್ರಿ."

"ಅಲ್ಲಿಂದ ಇತ್ತ ಯಾರಿಗೂ ಒಳಗ ಹೊಲಿದಿಲ್ಲ?"

"ಇಲ್ಲ." ಅವರು ತಮ್ಮ ಕೈಗಳನ್ನು ನೋಡಿಕೊಂಡರು. "ಸೂಜಿ ಕೊಡ್ಲೇನ್ರಿ ಸಾಹೇಬ್ರ ಅಂತ ಕೇಳ್ತಿದ್ದೆ. ಬ್ಯಾಡ, ಸಣ್ಣ ರಂಧ್ರ ಅದ, ಕೂಡ್ತದ ಅಂತಿದ್ರು. ಆಮ್ಯಾಲ ಕೇಳೂದ ಬಿಟ್ಟೆ. ಮ್ಯಾಲಿನ ಚರ್ಮ ನಾನಽ ಹೊಲೀತಿದ್ದೆ. ನೀವು ನೋಡಿದ ಆ ಮೂರು ಹೊಲಿಗಿ ನಂದು."

"ಇಷ್ಟು ದಿನ ಯಾಕ ಸುಮ್ಮನಿದ್ರಿ?"

"ನನಗ ಸೂಜಿ ಹಿಡಿಯೂದು ಕಲಿಸಿದವರು ಅವರಽ ಬೇಟಿ. ಅವರ ಕೈ ನಡುಗ್ತದ ಅಂತ ನಾ ಯಾರ ಮುಂದ ಹೇಳ್ಲಿ?"

ನೂರೀನ್ ಹೇಳಿಕೆ ಬರೆದುಕೊಂಡಳು. ಓದಿ ಹೇಳಿದಾಗ ಖುರ್ಷೀದ್ ಬೇಗಂ ಒಂದು ಪದವನ್ನೂ ಬದಲಿಸಲಿಲ್ಲ.

ವೈದ್ಯರ ಮೇಲೆ ಕ್ರಮ ಜರುಗಿಸಲು ತಜ್ಞರ ಅಭಿಪ್ರಾಯ ಬೇಕು. ಕಾಗದಪತ್ರ ಬೀದರಿಗೆ ಹೋದವು. ಡಿಸೆಂಬರಿನಿಂದ ಹೊಲಿಗೆ ಬೀಳದ ಉಳಿದ ರೋಗಿಗಳನ್ನು ಹುಡುಕಬೇಕೆಂದು ಧಮ್ಮಪಾಲ ಅದರಲ್ಲೇ ಬರೆದಿದ್ದ, ಯಾರೂ ಕೈಗೆತ್ತಿಕೊಳ್ಳಲಿಲ್ಲ. ಆ ನಡುವೆ ಧಮ್ಮಪಾಲನಿಗೆ ಎರಡು ಕಳವು, ಒಂದು ಅಪಘಾತ, ಮತ್ತೊಂದು ಬಂದೋಬಸ್ತು ಬಂದು ಹೋದವು. ವೈದ್ಯರ ಪರವಾಗಿ ಊರಿನ ದೊಡ್ಡವರು ಮೂರು ಸಲ ಫೋನ್ ಮಾಡಿದರು. ಅಂಥ ಮನುಷ್ಯನ ಮೇಲೆ ಯಾಕೆ ಬಿದ್ದಿದ್ದೀರಿ, ಹುಡುಗ ಒಪ್ಪಿಕೊಂಡಿದ್ದಾನಲ್ಲ ಎಂದು ಕೇಳಿದರು. ಧಮ್ಮಪಾಲ ಎಲ್ಲರಿಗೂ ಒಂದೇ ಉತ್ತರ ಕೊಟ್ಟ, ವರದಿ ಬರಲಿ ನೋಡೋಣ ಎಂದ. ವೈದ್ಯರು ಆಪರೇಶನ್ ನಿಲ್ಲಿಸಿದ್ದಾರೆ ಎಂಬ ಸುದ್ದಿ ಮಾತ್ರ ಹುಮನಾಬಾದಿನಿಂದ ಬಂತು.

ಆಗಸ್ಟ್ ಕೊನೆಯ ವಾರ ವರದಿ ಬಂತು. ಇಬ್ಬರು ಸರ್ಜನ್ನರು ಸಹಿ ಮಾಡಿದ್ದರು. ಪೊರೆಗೆ ಹೊಲಿಗೆ ಹಾಕಿದ ಯಾವ ಕುರುಹೂ ಇಲ್ಲ. ಕರುಳು ಸಿಕ್ಕಿ ಸತ್ತದ್ದು ತಳ್ಳಾಟಕ್ಕಿಂತ ಮುಂಚೆ. ಮೊದಲ ವಾಂತಿಯ ದಿನವೇ ಆಪರೇಶನ್ ಆಗಿದ್ದರೆ ರೋಗಿ ಬದುಕುವ ಸಂಭವ ಹೆಚ್ಚಿತ್ತು.

ಧಮ್ಮಪಾಲ ಅಕ್ಕ ತಮ್ಮ ಇಬ್ಬರನ್ನೂ ಠಾಣೆಗೆ ಕರೆಸಿದ. ಇಬ್ಬರೂ ಬೆಂಚಿನ ಎರಡು ತುದಿಗೆ ಕುಳಿತರು. ಅವನು ವರದಿಯನ್ನು ನಿಧಾನವಾಗಿ, ಕಷ್ಟದ ಪದಗಳನ್ನು ಬಿಡಿಸಿ ಓದಿದ. ಕೊನೆಯ ಸಾಲನ್ನು ಓದಬೇಕೋ ಬೇಡವೋ ಎಂದು ಒಂದು ಕ್ಷಣ ತಡೆದ. ನಾಳೆ ಕೋರ್ಟಿನಲ್ಲಿ ಕೇಳುವುದನ್ನು ಇಲ್ಲೇ ಕೇಳಲಿ ಎಂದು ಓದಿದ.

ರತ್ನಮಾಲಾ ವರದಿಯ ಕಡೆಗೇ ನೋಡುತ್ತಿದ್ದಳು. "ತಮ್ಮ ದಬ್ಯಾನ ಅಂತ ಡಾಕ್ಟರಿಗೆ ಹೇಳಿದಾಕಿ ನಾನಽ" ಎಂದಳು. "ಅವರು ಕೇಳಿದ್ದಿಲ್ಲ. ನಾನಾಗಿ ಹೇಳ್ದೆ. ಅದನ್ನಽ ಟೈಪ್ ಮಾಡಿ ಕೊಟ್ರು."

"ದಬ್ಬಿದ್ದು ಖರೇ ಅಕ್ಕಾ" ಎಂದ ಸ್ವಪ್ನಿಲ. "ಮೂರು ದಿನ ವಾಂತಿ ಮಾಡ್ಯಾಳ. ನಾ ನಾಟಕ ಅಂದೆ."

ಹೊರಗೆ ಲಾರಿಯೊಂದು ಹಿಂದೆ ಸರಿಯುವ ಸದ್ದು ಕೇಳುತ್ತಿತ್ತು. ರತ್ನಮಾಲಾ ಎದ್ದು ತಮ್ಮನ ಹತ್ತಿರ ಹೋಗಿ ನಿಂತಳು. ಅವನು ತಲೆ ಎತ್ತಲಿಲ್ಲ.

"ಊಟಾ ಮಾಡೀಯೇನು?" ಎಂದು ಕೇಳಿದಳು.

ಅವನು ಇಲ್ಲವೆಂದು ತಲೆ ಆಡಿಸಿದ. ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದು ಹೋದರು. ಗುರುಶಾಂತ ಎಫ್‌ಐಆರಿನಲ್ಲಿದ್ದ ಸ್ವಪ್ನಿಲನ ಹೆಸರನ್ನು ಕೈಬಿಡಲು ಕೋರ್ಟಿಗೆ ಸಲ್ಲಿಸುವ ಅರ್ಜಿ ಬರೆಯತೊಡಗಿದ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಡಾ. ವಿಶ್ವಂಭರ ಅವರ ಬಂಧನವಾಯಿತು. ನಿರ್ಲಕ್ಷ್ಯದಿಂದ ಸಾವು, ಸುಳ್ಳು ಪ್ರಮಾಣಪತ್ರ, ನಿರಪರಾಧಿಯ ಮೇಲೆ ಸುಳ್ಳು ಸಾಕ್ಷ್ಯ ಸೃಷ್ಟಿ ಎಂದು ಕಲಮುಗಳನ್ನು ಹಾಕಲಾಗಿತ್ತು. ಅವರು ತಕರಾರು ಮಾಡಲಿಲ್ಲ. ಬಂಧನದ ಕಾಗದಕ್ಕೆ ಸಹಿ ಮಾಡಲು ಪೆನ್ನು ಕೊಟ್ಟಾಗ ಜೇಬಿನಿಂದ ಬಲಗೈ ತೆಗೆದರು. ನಡುಗುತ್ತಿತ್ತು. ಎಡಗೈಯಿಂದ ಮಣಿಕಟ್ಟನ್ನು ಹಿಡಿದುಕೊಂಡು ಬರೆದರು. ನೂರೀನ್ ಮುಖ ತಿರುಗಿಸಿದಳು.

ಠಾಣೆಯಲ್ಲಿ ಧಮ್ಮಪಾಲ ಅವರಿಗೆ ಕುರ್ಚಿ ಕೊಟ್ಟ.

"ಕೈ ನಡುಗ್ತದ ಅಂತ ಯಾರಿಗೆ ಗೊತ್ತಿತ್ರಿ?"

"ಖುರ್ಷೀದಳಿಗೆ. ಫೈಜಲ ಊಹಿಸಿದ್ದ."

"ಮನ್ಯಾಗ?"

"ಹೇಳಿಲ್ಲ."

"ಹೊಲಿಗಿ ಯಾಕ ಬಿಟ್ರಿ?"

ವೈದ್ಯರು ಮೇಜಿನ ಅಂಚನ್ನು ನೋಡುತ್ತ ಹೇಳಿದರು. "ಫೈಜಲ ಹೋದ ಮೇಲೆ ಒಂದು ಆಪರೇಶನ್ನಿನಲ್ಲಿ ಪ್ರಯತ್ನ ಮಾಡಿದೆ. ಆ ಸೂಜಿ ಉದ್ದ ಇರುತ್ತದೆ. ಪೊರೆಯೊಳಗೆ ಹಾಕುವಾಗ ಕೈ ಜಿಗಿಯಿತು. ಪರದೆಯ ಮೇಲೆ ನೋಡುತ್ತಿದ್ದೆ, ಮೊನೆ ಕರುಳಿನ ಹತ್ತಿರ, ಕೂದಲೆಳೆ ದೂರದಲ್ಲಿ ನಿಂತಿತು. ತೆಗೆದುಬಿಟ್ಟೆ. ಕರುಳು ಚುಚ್ಚುವುದಕ್ಕಿಂತ ಹೊಲಿಯದೆ ಬಿಡುವುದು ವಾಸಿ ಅನ್ನಿಸಿತು. ಆ ರೋಗಿ ಚೆನ್ನಾಗಿ ಮನೆಗೆ ಹೋದ. ಮುಂದಿನವನೂ ಹೋದ. ಮೊದಮೊದಲು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಬರತೊಡಗಿತು."

"ಆಪರೇಶನ್ ಬಿಡಬೇಕಾಗಿತ್ತಲ್ರಿ."

"ಬಿಟ್ಟು?" ಅವರು ಮೊದಲ ಸಲ ಧಮ್ಮಪಾಲನ ಮುಖ ನೋಡಿದರು. "ಜನ ನನ್ನ ಹೆಸರು ಹೇಳುವುದಿಲ್ಲ ಇನ್‌ಸ್ಪೆಕ್ಟರ್. ದುರ್ಬೀನ್ ಡಾಕ್ಟರು ಅನ್ನುತ್ತಾರೆ. ನಾನು ಕೈ ಎತ್ತಿದರೆ ಮನೆಯಲ್ಲಿ ಯಾರು ಕೂತಿರುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಅಂತ ನಡೆಸಿದೆ."

"ಆ ಹುಡುಗನ ಮ್ಯಾಲ ಯಾಕ ಹಾಕಿದ್ರಿ?"

"ಆ ತಾಯಿಯ ಹೊಟ್ಟೆ ಮುಟ್ಟಿದ ಕೂಡಲೇ ಗೊತ್ತಾಯಿತು. ಏನು ಹೇಳಬೇಕು ಅಂತ ನಿಂತಿದ್ದೆ. ಅಷ್ಟರಲ್ಲಿ ಮಗಳು, ತಮ್ಮ ದಬ್ಬಿದ ಅಂದಳು." ಅವರ ದನಿ ಇನ್ನೂ ತಗ್ಗಿತು. "ಅದು ನನ್ನ ಬಾಯಿಂದ ಬಂದದ್ದಲ್ಲ ಅಂತ ಸಮಾಧಾನ ಮಾಡಿಕೊಂಡೆ."

ಧಮ್ಮಪಾಲ ನೀರು ತರಿಸಿ ಕೊಟ್ಟ. ಅವರು ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದರು.

"ಡಿಸೆಂಬರಿನಿಂದ ಇತ್ತ ಇನ್ನೂ ಯಾರಿಗೆ ಹಿಂಗ ಬಿಟ್ಟೀರಿ?"

ಕಡತ ತರಿಸಬೇಕಾಗುತ್ತದೆ ಎಂದು ನೂರೀನ್ ಅಂದುಕೊಂಡಿದ್ದಳು. ವೈದ್ಯರು ಕಣ್ಣು ಮುಚ್ಚಿ ಹೇಳತೊಡಗಿದರು. ಹೆಸರು, ಊರು, ಯಾವ ಓಣಿ, ಮೈ ದಪ್ಪವೋ ತೆಳುವೋ, ಕೆಮ್ಮು ಇತ್ತೋ ಇಲ್ಲವೋ. ಮಂಠಾಳದಲ್ಲಿ ಇಬ್ಬರು, ಘಾಟಬೋರಾಳದಲ್ಲಿ ಒಬ್ಬ, ಬಸವಕಲ್ಯಾಣದಲ್ಲಿ, ಹುಮನಾಬಾದಿನಲ್ಲಿ, ಚಿಟಗುಪ್ಪದ ಕಡೆ. ಎಲ್ಲಿಯೂ ತಡವರಿಸಲಿಲ್ಲ. ನೂರೀನ್ ಬರೆಯುತ್ತಲೇ ಹೋದಳು, ಹಾಳೆ ತಿರುಗಿಸಿದಳು. ಹೇಳಿ ಮುಗಿಸಿದಾಗ ಅವರ ಮುಖದಲ್ಲಿ ಬಹಳ ದೂರ ಹೊರೆ ಹೊತ್ತು ಬಂದವನ ಆಯಾಸ ಇತ್ತು.

"ಕೊಡಂಬಲದ ಕರೀಮಾಗೆ ಹಳೆಯ ದಮ್ಮು ಇದೆ" ಎಂದರು. "ಅವರ ಹತ್ತಿರ ಮೊದಲು ಹೋಗಿ."

ಕೊಡಂಬಲ ಧಮ್ಮಪಾಲನ ಸರಹದ್ದಲ್ಲ. ಆಯಾ ಠಾಣೆಗೂ ಆರೋಗ್ಯ ಇಲಾಖೆಗೂ ಪತ್ರ ಬರೆಯಬಹುದಾಗಿತ್ತು, ಬರೆದೂ ಇದ್ದ. ಪತ್ರ ತಲುಪಿ ಯಾರಾದರೂ ಹೊರಡುವಷ್ಟರಲ್ಲಿ ವಾರ ಆಗುತ್ತದೆ ಎಂದು ಮರುದಿನ ತಾನೇ ನೂರೀನಳನ್ನು ಕರೆದುಕೊಂಡು ಜೀಪು ಹತ್ತಿದ. ಹೆಸರುಕಾಳಿನ ಹೊಲಗಳ ನಡುವಿನ ರಸ್ತೆ ಮಳೆಗೆ ಕಿತ್ತುಹೋಗಿತ್ತು.

ಕರೀಮಾ ಅರವತ್ತರ ಹತ್ತಿರದ ಹೆಂಗಸು, ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಮೊಮ್ಮಗಳ ಜಡೆ ಹಾಕುತ್ತಿದ್ದಳು. ಪೊಲೀಸರನ್ನು ನೋಡಿ ಗಾಬರಿಯಾದಳು. ನೂರೀನ್ ಪಕ್ಕದಲ್ಲಿ ಕುಳಿತು ಆಪರೇಶನ್ನಿನ ಮಾತು ತೆಗೆದಾಗ ಮುಖ ಸಡಿಲಾಯಿತು.

"ದುರ್ಬೀನ್ ಡಾಕ್ಟರ್ ಸಾಬ್? ಮಾರ್ಚಿನ್ಯಾಗ ಮಾಡ್ಯಾರ ಬೇಟಿ. ಮೂರನೇ ದಿನಕ್ಕ ಎದ್ದು ಅಡಗಿ ಮಾಡೀನಿ. ಅವರ ಕೈಗುಣ ಭಾಳ ಚಲೋ ಅದ."

"ಕೆಮ್ಮಿದಾಗ ಹೊಕ್ಕಳ ಹತ್ರ ಏನರ ಉಬ್ಬತದೇನ್ರಿ ಅಮ್ಮಾ?" ಎಂದು ಧಮ್ಮಪಾಲ ಕೇಳಿದ.

"ಸ್ವಲ್ಪ ಬರ್ತದ. ಒತ್ತಿದ್ರ ಒಳಗ ಹೋಗ್ತದ. ತಕಲೀಫ್ ಏನಿಲ್ಲ."

"ನಾಳಿ ಮುಂಜಾನಿ ಬೀದರಿನ ದೊಡ್ಡ ದವಾಖಾನಿಗೆ ಹೋಗಬೇಕ್ರಿ. ಗಾಡಿ ನಾವಽ ಕಳಿಸ್ತೀವಿ. ಒಂದು ಹೊಲಿಗಿ ಹಾಕೂದು ಉಳದದ."

"ಬೀದರಿಗ್ಯಾಕ? ಸಾಬ್ ಇಲ್ಲೇನು ಹುಮನಾಬಾದಿನ್ಯಾಗ?"

ಧಮ್ಮಪಾಲ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ನೂರೀನ್ ಅವನತ್ತ ನೋಡಿದಳು.

"ಅವರ ಕೈಗೆ ಆರಾಮಿಲ್ರಿ" ಎಂದ.

ಕರೀಮಾ ಮೊಮ್ಮಗಳ ಜಡೆ ಬಿಟ್ಟು ಎರಡೂ ಅಂಗೈಗಳನ್ನು ಎತ್ತಿ ಹಿಡಿದಳು. "ಅಯ್ಯ ಪಾಪ. ಎಷ್ಟು ಮಂದೀನ್ನ ಎಬ್ಬಿಸಿ ಕೂಡಿಸಿದ ಕೈ. ಅಲ್ಲಾ ಆರಾಮ್ ಮಾಡ್ಲಿ" ಎಂದಳು. ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡು, ಬೀದರಿಗೆ ಯಾವ ಸೀರೆ ಉಟ್ಟುಕೊಂಡು ಬರಲಿ, ಅಲ್ಲಿ ಎಷ್ಟು ದಿನ ಇರಬೇಕಾಗುತ್ತದೆ ಎಂದು ನೂರೀನಳನ್ನು ವಿಚಾರಿಸತೊಡಗಿದಳು.

ಧಮ್ಮಪಾಲ ಎದ್ದು ಜೀಪಿನ ಕಡೆ ನಡೆದ. ಮುಂದಿನ ಮನೆ ಚಿಟಗುಪ್ಪದಲ್ಲಿತ್ತು.